ಸುಮ್ನೆ ಬಂದೋರು

ಸಮಸ್ತ ಮಹಾಜನಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪುಟ್ಟಲಿಂಗಯ್ಯ ಎಂಬ ಹೆಸರಿನ, ಐವತ್ತೊಂಬತ್ತು ವರ್ಷ ವಯಸ್ಸಿನ, ಅಂಗಿಗಳಿಗೆ ಕಾಜಾ ಹೊಲಿದು ಬದುಕುವ ನಾನು, ಇಂದು ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನನ್ನ ಧರ್ಮಪತ್ನಿ ಸಾಕಮ್ಮನವರ ತಲೆಗೆ ಒಂದು ಜಡೆಯನ್ನು, ಎಲ್ಲೂ ಸೊಟ್ಟ ಆಗದಂತೆ, ನೆಟ್ಟಗೆ ಹೆಣೆದು ಮುಗಿಸಿರುತ್ತೇನೆ. ಮೂರು ವರ್ಷ ನಾಲ್ಕು ತಿಂಗಳ ಸತತ ಹೋರಾಟದ ಫಲವಿದು. ಸಹಕರಿಸಿದ ಬಾಚಣಿಗೆಗೆ ವಂದನೆಗಳು.

ಹಿಂಗೆ ಒಂದು ಬೋರ್ಡು ಬರೆಸಿ ಮನೆ ಮುಂದೆ ನೇತುಹಾಕೋಣ ಅನ್ನಿಸ್ತು ಅವತ್ತು. ಆದ್ರೆ ಓದೋಕೆ ಯಾರಿದ್ರು? ನಮ್ಮನೆ ಮುಂದೆ ಜಾಲಿಗಿಡ, ಹಿಂದೆ ಎಲ್ಲೆಕಲ್ಲು, ಮಧ್ಯೆ ನಾವಿಬ್ರು. ಸಾಕಮ್ಮನಿಗೆ ಓದೋಕೆ ಬರುತ್ತೆ, ಆದ್ರೆ ಜಡೆ ಇರೋದು ಅವಳ ಬೆನ್ನ ಹಿಂದೆ. ಕನ್ನಡಿ ಹಿಡ್ದು ತೋರಿಸ್ದೆ. ನೋಡಿ, "ಬಾ" ಅಂದ್ಲು. ಲಕ್ವ ಹೊಡೆದ ಮೇಲೆ ಅವಳ ಬಲಗೈ ಬಲಗಾಲಿಗೆ ಸ್ವಾಧೀನ ತಪ್ತು, ಮಾತೆಲ್ಲ ಹೋಗಿ ಒಂದಕ್ಷರ ಉಳೀತು. ಖುಷಿಯಾದ್ರೂ ಬಾ, ಸಿಟ್ಟು ಬಂದ್ರೂ ಬಾ, ಹೋಗು ಅನ್ನೋಕೂ ಬಾ.

ನಮ್ಮೂರಲ್ಲಿ ಮನೆಗಳು ದಿನಾ ಬೆಳಿಗ್ಗೆ ಆರು ಗಂಟೆಗೆ ಜಗ್ಗಿ ಸರೀತವೆ. ಹಿಂದಿನ ದಿನ ಯಾರಾದ್ರೂ ಸುಮ್ನೆ ಬಂದು ಕೂತು ಹೋಗಿದ್ರೆ, ಬಂದೋರ ಮನೆ ಯಾವ ಕಡೆಗಿದೆಯೋ ಆ ಕಡೆಗೆ, ತಲೆಗೊಂದು ಮಾರು. ಯಾರೂ ಬರಲಿಲ್ಲ ಅಂದ್ರೆ ಊರಾಚೆಗೆ ಒಂದು ಮಾರು. ಹಂಗಾಗಿ ನಲ್ಲಿಗೆಲ್ಲ ರಬ್ಬರ್ ಪೈಪು, ಕರೆಂಟಿಗೆ ಸುರುಳಿ ಸುತ್ತಿದ ವೈರು. ಆರಕ್ಕೆ ಐದು ನಿಮಿಷ ಇದ್ದಂಗೆ ಒಲೆ ಮೇಲಿನ ಹಾಲಿನ ಪಾತ್ರೆ ಇಳಿಸಿ ಕೈಲಿ ಹಿಡ್ಕೋಬೇಕು. ಹೊಸ ಸೊಸೆಗೆ ಅತ್ತೆ ಹೇಳ್ಕೊಡೋ ಮೊದಲ ಪಾಠ ಇದೇ.

ಮುಖ್ಯ ಏನಪ್ಪಾ ಅಂದ್ರೆ, ಸುಮ್ನೆ ಬಂದಿರಬೇಕು. ಹಾಲಿನೋನು, ಮೀಟರ್ ನೋಡೋನು, ಮದುವೆ ಕಾರ್ಡು ಕೊಡೋಕೆ ಬಂದೋನು, ಇವರ್ಯಾರೂ ಲೆಕ್ಕಕ್ಕಿಲ್ಲ. ಕೆಲಸಕ್ಕೆ ಬಂದೋರು ಬಂದೋರಲ್ಲ. "ಏನ್ ಬಂದಿದ್ದು?" ಅಂದ್ರೆ "ಏನಿಲ್ಲ, ಸುಮ್ನೆ ಬಂದೆ" ಅಂತಾರಲ್ಲ, ಅವರು ಮಾತ್ರ.

ಸಾಕಮ್ಮ ಗಟ್ಟಿಮುಟ್ಟಾಗಿದ್ದಾಗ ಅವಳು ರವಿಕೆ ಹೊಲೀತಿದ್ಲು, ನಾನು ಕಾಜಾ. ಅಳತೆ ಕೊಡೋಕೆ ಬಂದ ಹೆಂಗಸರು ಅಳತೆ ಮುಗಿದ ಮೇಲೂ ಏಳ್ತಿರಲಿಲ್ಲ. ಮಾರನೇ ದಿನ ಅಳತೆನೇ ಇಲ್ದೆ ಬರೋರು. ಸಾಕು ಅಂದೋಳೇ ಅಲ್ಲ ಸಾಕಮ್ಮ. ಹೊಲಿಗೆಗಿಂತ ಮಾತು ಉದ್ದ, ಮಾತಿಗಿಂತ ನಗು ಉದ್ದ. ನಮ್ಮನೆ ಪೇಟೆ ಸರ್ಕಲ್ಲಿಗೆ ಎಷ್ಟು ಹತ್ರ ಬಂತಪ್ಪಾ ಅಂದ್ರೆ, ಒಂದು ಶ್ರಾವಣದಲ್ಲಿ ಬಸ್ಸು ತಿರುಗೋಕೆ ಜಾಗ ಸಾಲದೆ ಡ್ರೈವರ್ರು ಬಂದು, "ಅಕ್ಕಾ, ನಾಲ್ಕು ದಿನ ಬಾಗಿಲು ಹಾಕ್ಕೊಳ್ಳಿ" ಅಂತ ಕೈ ಮುಗಿದ್ರು.

ಅವಳು ಬಿದ್ದ ಮೇಲೆ ಮೊದಲ ತಿಂಗಳು ಇನ್ನೂ ಜಾಸ್ತಿ ಜನ. ಮೋಸಂಬಿ ಎಷ್ಟು ಬಂತೋ, ಬ್ರೆಡ್ಡು ಎಷ್ಟು ಬಂತೋ. ಎಲ್ರೂ ಮಂಚದ ಹತ್ರ ನಿಂತು "ನೋಡ್ಕೊಂಡು ಹೋಗೋಣ ಅಂತ ಬಂದ್ವಿ" ಅಂತ ಮೆಲ್ಲಗೆ ಹೇಳಿ, ಒಂದು ಔಷಧಿ ಹೇಳಿ, ಇಂಥದೇ ಆಗಿ ಸತ್ತೋದ ಒಬ್ಬರ ಕಥೆ ಹೇಳಿ, ಹೊರಡೋರು. ನೋಡೋದು ಒಂದು ಕರ್ತವ್ಯ. ಕರ್ತವ್ಯ ಅಂದ್ರೆ ಕೆಲಸ. ಮನೆ ತುಂಬ ಜನ ಇದ್ದ ಆ ತಿಂಗಳಲ್ಲೇ ನಮ್ಮನೆ ಹಿಂದಕ್ಕೆ ಸರಿಯೋಕೆ ಶುರುವಾಯ್ತು. ಆಮೇಲೆ ಜನ ಕಮ್ಮಿಯಾದ್ರು, ಆಮೇಲೆ ಇಲ್ಲವಾದ್ರು. ನಾವು ಮನೆ ಮಾರಲಿಲ್ಲ, ಅದೇ ಮಾರು ಮಾರಾಗಿ ಹೋಯ್ತು. ಕಾಫಿಪುಡಿ ವಾಸನೆ ಹೋಯ್ತು, ಸ್ಕೂಲಿನ ಗಂಟೆ ಹೋಯ್ತು, ಪೋಸ್ಟಿನೋನು ಒಂದಿನ ಬಂದು ನೀರು ಕುಡ್ದು "ಇನ್ಮೇಲೆ ಕಾಗದ ನೀವೇ ಬಂದು ತಗೊಳ್ಳಿ ಸ್ವಾಮಿ" ಅಂದ. ದೂರು ಕೊಡೋಣ ಅಂದ್ರೆ ಕಚೇರಿನೂ ದೂರ.

ಜಡೆ ನೆಟ್ಟಗಾದ ಅವತ್ತೇ ಅಳತೆ ಗುಮಾಸ್ತ ಭುಜಂಗರಾಯರು ಬಂದ್ರು. ಊರಂಚಿಗೆ ಹೋಗಿರೋ ಮನೆಗಳಿಗೆ ಅಂತಲೇ ಪುರಸಭೆಯೋರು ಒಂದು ರಿಜಿಸ್ಟರ್ ಇಟ್ಟಿದ್ದಾರೆ, ಅದನ್ನ ಬರೆಯೋರು ಇವರು. ಟೇಪು ಹಿಡ್ದು ಹಿತ್ತಲ ಗೋಡೆಯಿಂದ ಎಲ್ಲೆಕಲ್ಲಿಗೆ ಅಳೆದ್ರು.

"ಹನ್ನೆರಡು ಮಾರು ಬಾಕಿ ಪುಟ್ಟಲಿಂಗಯ್ಯ" ಅಂದ್ರು. "ಅಂದ್ರೆ ಹನ್ನೆರಡು ದಿನ. ಕಲ್ಲು ಮುಟ್ಟಿದ್ರೆ ನೀವು ಊರಿನೋರಲ್ಲ. ಪೈಪು ಕಟ್, ವೈರು ಕಟ್."

"ಸಿಸ್ಟರು?"

"ಸಿಸ್ಟರೂ ಊರಿನೋರಿಗೆ ತಾನೇ."

ಪೈಪು ಹೋದ್ರೆ ಹೋಗ್ಲಿ, ಕೆರೆಯಿಂದ ಹೊತ್ತು ತರ್ತೀನಿ. ವೈರು ಹೋದ್ರೆ ಸೀಮೆಎಣ್ಣೆ ದೀಪ. ನನ್ನ ಎದೆ ಒಡ್ದಿದ್ದು ಪುರಸಭೆ ನರ್ಸು ಸಿಸ್ಟರ್ ಫಿಲೋಮಿನಾ ಬರಲ್ಲ ಅನ್ನೋ ಮಾತಿಗೆ. ಪ್ರತಿ ಮಂಗಳವಾರ ಆಯಮ್ಮ ಬಂದು ಸಾಕಮ್ಮನ ಕೈಕಾಲು ಎತ್ತಿಸಿ ಇಳಿಸಿ ಮಾಡ್ಸೋರು. ಮೂರು ವರ್ಷ ಆ ಬಲಗೈ ಬಟ್ಟೆ ಗಂಟಿನ ಥರ ಬಿದ್ದಿತ್ತು. ಹೋದ ತಿಂಗಳು ಎರಡು ಬೆರಳು ಮಡಚಿದ್ವು. ಹೋದ ವಾರ ಖಾಲಿ ಲೋಟ ಹಿಡ್ದು ಒಂದು ಅಂಗುಲ ಎತ್ತಿದ್ಲು, ಕೆಳಗಿಟ್ಲು, ನನ್ನ ಮುಖ ನೋಡಿದ್ಲು. "ಇನ್ನಾರು ತಿಂಗಳು ಬಿಡದೆ ಮಾಡ್ಸಿದ್ರೆ ತಾನೇ ಊಟ ಮಾಡ್ತಾರೆ. ಈಗ ನಿಲ್ಸಿದ್ರೆ ಮತ್ತೆ ಬಿಗಿದ್ಕೊಳ್ಳುತ್ತೆ" ಅಂದಿದ್ರು ಸಿಸ್ಟರು. ನಂಗೆ ಬೇಕಾಗಿದ್ದು ಆ ಆರು ತಿಂಗಳ ಮಂಗಳವಾರ, ಅಷ್ಟೇ.

ಮಾರನೇ ದಿನ ಪುರಸಭೆಗೆ ಹೊರಟೆ. ಹೊರಡೋದು ಅಂದ್ರೆ ಸುಲಭವಾ? ಸಾಕಮ್ಮನ ಹತ್ರ ಯಾರಾದ್ರೂ ಇರಬೇಕು. ನಮ್ಮಿಂದ ಒಂದು ಹೊಲದಷ್ಟು ದೂರದಲ್ಲಿ, ಎಲ್ಲೆಯ ಗುಂಟ, ಹುಸೇನ್‌ಬಿ ಮನೆ. ಅವಳ ತಮ್ಮ ಮೌಲಾ, ನಲವತ್ತು ವರ್ಷದ ಆಳು, ಹುಟ್ಟಿದಾಗಿಂದ ನಡೆದೋನಲ್ಲ. ಅವನ ಗಾಲಿ ಕುರ್ಚಿ ತಳ್ಕೊಂಡು ಬಂದು ಅವಳು ಸಾಕಮ್ಮನ್ನ ನೋಡ್ಕೊಳ್ಳೋಳು. ಶುಕ್ರವಾರ ನಾನು ಹೋಗಿ ಮೌಲಾನ ಎತ್ತಿ ಸ್ನಾನಕ್ಕೆ ಕೂರಿಸ್ತಿದ್ದೆ. ಇಷ್ಟು ಹೋಗಿ ಬಂದು ಮಾಡಿದ್ರೂ ಇಬ್ಬರ ಮನೆನೂ ಒಂದರ ಕಡೆಗೊಂದು ಜಗ್ಗಲಿಲ್ಲ. ಅವೆಲ್ಲ ಕೆಲಸ ಅಲ್ವಾ?

ಪುರಸಭೇಲಿ 'ಆರೈಕೆದಾರರ ನೆರವು ಸಮಿತಿ' ಅಂತ ಒಂದು ಬಾಗಿಲು. ಅಧ್ಯಕ್ಷೆ ಕಮಲಾಕ್ಷಿ ಮೇಡಮ್ಮು. ಪಕ್ಕದ ಬಾಗಿಲು 'ಅಚ್ಚುಕಟ್ಟು ಊರು ಯೋಜನೆ'. ಅಂಚಿನ ಮನೆಗಳನ್ನೆಲ್ಲ ಒಂದೇ ಏಟಿಗೆ ಊರಿನ ಲೆಕ್ಕದಿಂದ ತೆಗೆದು, ಮಿಕ್ಕ ಊರನ್ನ ಗುಂಡಗೆ ಚೊಕ್ಕವಾಗಿ ಮಾಡೋ ಮಹಾ ಯೋಜನೆ. ಅದರ ಅಧ್ಯಕ್ಷರೂ ಅವರೇ. ಎರಡು ಕೋಣೆಗೂ ಮಧ್ಯೆ ಒಂದು ಬಾಗಿಲಿತ್ತು, ಮೇಡಮ್ಮು ಅದರಲ್ಲಿ ಓಡಾಡ್ತಿದ್ರು. ಕೈ ಹಿಡಿಯೋದೂ ಅವರೇ, ಕೈ ಬಿಡೋದೂ ಅವರೇ.

"ನಿಮ್ಮಂಥವರಿಗೋಸ್ಕರನೇ ಪ್ರತಿ ಬುಧವಾರ ಹನ್ನೊಂದಕ್ಕೆ ಸಭೆ ಇಟ್ಟಿದ್ದೀವಲ್ಲ, ಒಂದು ಸಲನೂ ಬಂದಿಲ್ಲ ನೀವು" ಅಂದ್ರು.

"ಹನ್ನೊಂದಕ್ಕೆ ಅವಳಿಗೆ ಗಂಜಿ ಕುಡಿಸ್ಬೇಕು ಮೇಡಂ. ಬೇರೆಯವರು ಬರ್ತಾರಾ?"

"ಯಾರೂ ಬರಲ್ಲ. ಎಲ್ರಿಗೂ ಮನೇಲಿ ಯಾರೋ ಇದ್ದಾರಂತೆ. ಆಸಕ್ತಿನೇ ಇಲ್ಲ ಜನಕ್ಕೆ."

ನಾನು ಸಂಗತಿ ಹೇಳ್ದೆ. ಮೇಡಮ್ಮಿನ ಕಣ್ಣು ಹೊಳೀತು. ಅವರು ಕೆಟ್ಟೋರಲ್ಲ, ಒಂದೇ ಒಂದು ಮನೆಗೆ ಹೋಗಿ ಕೂರು ಅಂದ್ರೆ ಅವರ ಕೈಲಾಗಲ್ಲ, ಇನ್ನೂರು ಜನಾನ ಕೂಡಿಸು ಅಂದ್ರೆ ನಿದ್ದೆಗೆಟ್ಟು ಮಾಡ್ತಾರೆ. "ಸಾಮೂಹಿಕವಾಗಿ ಸುಮ್ಮನೆ ಬರುವ ದಿನ!" ಅಂತ ಕುರ್ಚಿಯಿಂದ ಎದ್ದೇಬಿಟ್ರು. "ಇನ್ನೂರು ಜನ, ಇನ್ನೂರು ಮಾರು. ಒಂದೇ ಬೆಳಿಗ್ಗೆಗೆ ನಿಮ್ಮನೇನ ಎಲ್ಲಿಗೆ ಎಳೀತೀನಿ ನೋಡ್ತಿರಿ."

"ಎಳೆಯೋಕೆ ಅಂತ ಬಂದ್ರೆ ಅದು ಸುಮ್ನೆ ಬಂದಂಗೆ ಆಗುತ್ತಾ ಮೇಡಂ?"

"ಬಾಗಿಲಲ್ಲಿ ಎಲ್ರ ಕೈಲೂ 'ಸುಮ್ನೆ ಬಂದೆ' ಅಂತ ಹೇಳಿಸೋಣ. ಬರೆದೂ ಕೊಡ್ಸೋಣ."

ಬಾಯಲ್ಲಿ ಹೇಳಿದ್ರೆ ಸಾಕಾ, ಹೊಟ್ಟೆ ಒಳಗೂ ಸುಮ್ನೆ ಇರ್ಬೇಕಾ ಅನ್ನೋದನ್ನ ಅಲ್ಲೀವರೆಗೆ ನಮ್ಮೂರಲ್ಲಿ ಯಾರೂ ಪರೀಕ್ಷೆ ಮಾಡಿರಲಿಲ್ಲ. ಮುಳುಗೋನಿಗೆ ಹುಲ್ಲುಕಡ್ಡಿ. ಆಗ್ಲಿ ಅಂದೆ.

ಭಾನುವಾರ ಬಂದ್ರು. ಇನ್ನೂರ ಹನ್ನೆರಡು ಜನ. ಶಾಮಿಯಾನ, ಮೈಕು, ಬಾಳೆಲೆ ಪೊಟ್ಟಣದಲ್ಲಿ ಚಿತ್ರಾನ್ನ. ಬಾಗಿಲಲ್ಲಿ ಸಾಲು ನಿಂತು, ಒಬ್ಬೊಬ್ಬರೇ "ಸುಮ್ನೆ ಬಂದೆ" ಅಂತ ಸಹಿ ಹಾಕಿ, ಸಾಕಮ್ಮನ ಮಂಚದ ಪಕ್ಕ ಒಂದು ನಿಮಿಷ ಕೂತು, ಎದ್ದು, ಬ್ಯಾಡ್ಜು ತಗೊಂಡು ಹೋದ್ರು. ಒಂದು ನಿಮಿಷ ಆದ ತಕ್ಷಣ ಮೇಡಮ್ಮಿನ ಕಡೆಯೋರು ಸೀಟಿ ಊದೋರು. ಸಾಕಮ್ಮ ಮೊದಲ ಮೂವತ್ತು ಜನಕ್ಕೆ "ಬಾ" ಅಂದ್ಲು. ಆಮೇಲೆ ಕಣ್ಣು ಮುಚ್ಕೊಂಡ್ಲು. ಗಂಜಿ ಹೊತ್ತು ಮೀರಿತ್ತು, ಸೀರೆ ಬದಲಾಯಿಸೋ ಹೊತ್ತೂ ಮೀರಿತ್ತು, ಆದ್ರೆ ಸಾಲು ಮುರಿಯೋ ಹಂಗಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ಇನ್ನೂರ ಹನ್ನೆರಡು ಸಲ ಕೈ ಮುಗಿದೆ.

ಸೋಮವಾರ ಬೆಳಿಗ್ಗೆ ಆರಕ್ಕೆ ಪಾತ್ರೆ ಹಿಡ್ದು ನಿಂತೆ. ಜಗ್ಗಿತು. ಹಿತ್ತಲ ಕಡೆಗೆ. ಒಂದು ಮಾರು.

ಮೇಡಮ್ಮು ಭುಜಂಗರಾಯರ ಕೈಲಿ ಎರಡು ಸಲ ಅಳತೆ ಮಾಡ್ಸಿದ್ರು. ಆಮೇಲೆ ನನ್ನ ಕಡೆ ತಿರುಗಿ, "ನಮ್ಮ ಪ್ರಯತ್ನದಲ್ಲಿ ಲೋಪ ಇರಲಿಲ್ಲ. ನಿಮ್ಮನೇಲೇ ಏನೋ ದೋಷ ಇದೆ" ಅಂದ್ರು. ನೆರವಿನ ಬಾಗಿಲಿಂದ ಪಕ್ಕದ ಬಾಗಿಲಿಗೆ ಹೋಗೋಕೆ ಅವರಿಗೆ ಬಹಳ ಹೊತ್ತು ಬೇಕಾಗ್ಲಿಲ್ಲ. ಮುಂದಿನ ವಾರ ಮಂಗಳವಾರ ನಮ್ಮನೆ ಕಲ್ಲು ಮುಟ್ಟುತ್ತೆ. ಅವತ್ತೇ ಯೋಜನೆಗೆ ಮುಹೂರ್ತ ಇಟ್ರು. ಅಂಚಿನ ಹದಿನೇಳು ಮನೆ, ಒಂದೇ ಆರ್ಡರು, ಮೊದಲನೇ ಪುಟ ನಮ್ಮದು.

ಆ ದಿನಗಳು ಹೆಂಗೆ ಹೋದ್ವೋ ಗೊತ್ತಿಲ್ಲ. ಸಿಸ್ಟರು ಬಂದಾಗ ಒಂದೊಂದು ವ್ಯಾಯಾಮಾನೂ ಕೇಳಿ ಚೀಟೀಲಿ ಬರ್ಕೊಂಡೆ. "ಬರ್ಕೊಂಡು ಮಾಡೋದಲ್ಲ ಲಿಂಗಯ್ಯನೋರೇ, ಕೈಗೆ ಗೊತ್ತಾಗ್ಬೇಕು, ಎಲ್ಲಿ ಎಳೀಬೇಕು ಎಲ್ಲಿ ಬಿಡ್ಬೇಕು ಅಂತ" ಅಂದು, ಆದ್ರೂ ಹೇಳ್ಕೊಟ್ರು. ಅವರು ಹೋದ ಮೇಲೆ ನಾನೇ ಮಾಡ್ಸೋಕೆ ಹೋದೆ. ಸಾಕಮ್ಮ ನೋವಿಗೆ "ಬಾ!" ಅಂತ ಕಿರುಚಿದ್ಲು. ಬಿಟ್ಟೆ.

ಮುಹೂರ್ತದ ಹಿಂದಿನ ದಿನ, ಮಧ್ಯಾಹ್ನ ಮೂರು ಗಂಟೆ. ಕಲ್ಲಿಗೂ ಗೋಡೆಗೂ ಒಂದೇ ಮಾರು. ನಾಳೆಯಿಂದ ಪೈಪಿರಲ್ಲ ಅಂತ ನಾನು ಹಿತ್ತಲಲ್ಲಿ ಡ್ರಮ್ಮಿಗೆ ನೀರು ತುಂಬಿಸ್ತಿದ್ದೆ. ಗಾಲಿ ಸದ್ದಾಯ್ತು. ಹುಸೇನ್‌ಬಿ ಮೌಲಾನ ಕುರ್ಚಿ ಒಳಗೆ ತಳ್ಕೊಂಡು ಬಂದು, ಮಂಚದ ಪಕ್ಕ ನಿಲ್ಲಿಸಿ, ತಾನು ನೆಲದ ಮೇಲೆ ಕೂತ್ಲು.

"ಬಂದ್ಯಾ? ಒಳ್ಳೇದಾಯ್ತು. ಈ ಡ್ರಮ್ ಒಂಚೂರು ಹಿಡ್ಕೋ, ವಾಲ್ತಾ ಇದೆ" ಅಂದೆ.

"ಹಿಡ್ಕೊಳ್ಳಲ್ಲ."

"ಯಾಕೆ?"

"ನಾನು ಯಾವಾಗ ಬಂದ್ರೂ ಏನಾದ್ರೊಂದು ಹಿಡ್ಕೋ ಅಂತೀಯ ಲಿಂಗಣ್ಣ. ನಿಮ್ಮನೆ ಬಕೆಟ್ ಹಿಡ್ದೆ, ಪೈಪ್ ಹಿಡ್ದೆ, ಸಾಕಮ್ಮನ ಕಾಲು ಹಿಡ್ದೆ. ಇಷ್ಟು ವರ್ಷದಲ್ಲಿ ನಿಮ್ಮನೆ ಕಾಫಿ ಲೋಟ ಒಂದು ಹಿಡ್ದಿಲ್ಲ ನೋಡು."

ಪೈಪು ಕೈಲೇ ಉಳೀತು. ಡ್ರಮ್ಮು ತುಂಬಿ ಚೆಲ್ತಾ ಇತ್ತು. ಅವಳು ತಮಾಷೆಗೆ ಅಂದಿದ್ದು, ಆದ್ರೆ ನಂಗೆ ಒಬ್ಬೊಬ್ಬರೇ ನೆನಪಾದ್ರು. ಶುರುವಿನಲ್ಲಿ ಪೇಟೆಯಿಂದ ಸುಮ್ನೆ ಬಂದೋರೂ ಇದ್ರು. ಕೊಬ್ಬರಿ ಅಂಗಡಿ ಸಿದ್ದಪ್ಪ ಬಂದಿದ್ದ, ಜೇಬಲ್ಲಿ ಎಲೆ ಅಡಿಕೆ ಇಟ್ಕೊಂಡು. ನಾನು ಬಾಗಿಲಲ್ಲೇ "ಬಾ ಬಾ, ಈ ಹಾಸಿಗೆ ಆ ಕಡೆ ಹಿಡಿ" ಅಂದೆ. ಹಿಡ್ದ. ಎರಡನೇ ಸಲ ಬಂದಾಗ ಗ್ಯಾಸ್ ಸಿಲಿಂಡರು ಹಿಡಿಸ್ದೆ. ಮೂರನೇ ಸಲ ಬರಲಿಲ್ಲ. ಅವನನ್ನ ನಾಲ್ಕು ತಿಂಗಳು ಬೈದೆ. ತಪ್ಪು ಅವನದೂ ಇತ್ತು. ಆದ್ರೆ ಸುಮ್ನೆ ಬಂದೋರ್ನೆಲ್ಲ ಕೆಲಸಕ್ಕೆ ಬಂದೋರ್ನಾಗಿ ಮಾಡಿದ್ದು ನಾನೇ. ಏನ್ ಮಾಡ್ಲಿ, ಎರಡೇ ಕೈ ಇರೋನಿಗೆ ಎದುರಿಗೆ ಬಂದೋರ ಮುಖ ಕಾಣಲ್ಲ, ಕೈ ಕಾಣುತ್ತೆ.

ನಲ್ಲಿ ನಿಲ್ಲಿಸಿ ಕಾಫಿಗಿಟ್ಟೆ. ಮೌಲಾಗೆ ಬಸಿಯಲ್ಲಿ ಆರಿಸಿ ಕೊಟ್ಟೆ. ನಾನೂ ನೆಲದ ಮೇಲೆ ಕೂತೆ. ಕೂತ ಮೇಲೆ ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ಮೂರು ಸಲ ಏಳೋಕೆ ಹೋದೆ. ಮೂರು ಸಲಾನೂ "ಏನಕ್ಕೆ ಎದ್ದೆ?" ಅಂದ್ಲು ಹುಸೇನ್‌ಬಿ. ಏನಕ್ಕೂ ಅಲ್ಲ ಅಂತ ಕೂತೆ.

"ಅವತ್ತು ನಿಮ್ಮನೆ ಮುಂದೆ ಸೀಟಿ ಊದ್ತಿದ್ರಲ್ಲ, ನಮ್ಮನೆ ತನಕ ಕೇಳಿಸ್ತು" ಅಂದ್ಲು. "ನಾನು ಕಬಡ್ಡಿ ಆಡಿಸ್ತಾವ್ರೆ ಅನ್ಕೊಂಡೆ. ಸಾಕಮ್ಮನ್ನ ಯಾರೋ ಔಟ್ ಮಾಡಿದ್ರು ಅಂತ ಮೌಲಾಗೆ ಹೇಳ್ದೆ."

"ಇನ್ನೂರ ಹನ್ನೆರಡು ಜನ ಮುಟ್ಟಿದ್ರೂ ಔಟ್ ಆಗ್ಲಿಲ್ಲ ಇವಳು" ಅಂದೆ.

"ಬ್ಯಾಡ್ಜಲ್ಲಿ ಏನ್ ಬರ್ದಿತ್ತು?"

"'ಸುಮ್ಮನಿದ್ದವರು' ಅಂತ. 'ಸುಮ್ಮನೆ ಬಂದವರು' ಅಂತ ಹಾಕ್ಸೋಕೆ ಜಾಗ ಸಾಲಲಿಲ್ಲವಂತೆ."

"ಯಾ ಅಲ್ಲಾ! ಅದನ್ನ ಮೊದಲು ಮೇಡಮ್ಮಿಗೇ ಹಾಕ್ಬೇಕಿತ್ತು!"

ಮಂಚದ ಮೇಲಿಂದ ಒಂದು ಸದ್ದು ಬಂತು. ಕೆಮ್ಮಿದ್ಲು ಅನ್ಕೊಂಡು ನಾನು ನೀರಿಗೆ ಎದ್ದೆ. ಕೆಮ್ಮಲ್ಲ. ಅರ್ಧ ಬಾಯಿ ಒಂದು ಕಡೆ ಎಳ್ಕೊಂಡು, ಜೊಲ್ಲು ಇಳಿಸ್ಕೊಂಡು, ಹೊಟ್ಟೆ ಕುಣಿಸ್ಕೊಂಡು ಸಾಕಮ್ಮ ನಗ್ತಿದ್ಲು. ಅವಳ ಹಳೇ ನಗು, ಉದ್ದ ಮಾತ್ರ ಕಮ್ಮಿ. ಅದನ್ನ ನೋಡಿ ಮೌಲಾ ನಕ್ಕ. ಮೌಲಾ ನಕ್ಕರೆ ಕುರ್ಚಿ ಎಲ್ಲ ಗಡಗಡ ಅನ್ನುತ್ತೆ. ಜೊಲ್ಲು ಒರೆಸೋಕೆ ಟವಲ್ ತಗೊಂಡೋನು ಟವಲ್ಲಲ್ಲಿ ನನ್ನ ಮುಖ ಒರೆಸ್ಕೊಂಡೆ.

ಬಿಸಿಲು ಇಳಿಯೋ ತನಕ ಕೂತಿದ್ರು. ನಾಳೆ ವಿಷಯ ಯಾರೂ ಎತ್ತಲಿಲ್ಲ. ಹೊರಟಾಗ ನಂಗೆ ತಡೀಲಿಲ್ಲ. "ಅಲ್ಲ ಹುಸೇನ್‌ಬಿ, ಏನಕ್ಕೆ ಬಂದಿದ್ದೆ?" ಅಂದೆ.

"ಏನಕ್ಕೂ ಇಲ್ಲ. ಮನೇಲಿ ಬೇಜಾರಾಯ್ತು, ಕುರ್ಚಿ ಆಚೆಗೆ ತಳ್ದೆ. ಇಳಿಜಾರು ಈ ಕಡೆಗಿತ್ತು, ಬಂದ್ವಿ."

ಮಂಗಳವಾರ ಬೆಳಿಗ್ಗೆ ಐದೂವರೆಗೇ ಹಿತ್ತಲ ಆಚೆ ಜನ. ಎಲ್ಲೆಕಲ್ಲಿಗೆ ರಿಬ್ಬನ್ನು ಕಟ್ಟಿದ್ರು. ಬ್ಯಾಂಡಿನೋರು ಚಳಿಗೆ ಡೊಳ್ಳಿನ ಹಿಂದೆ ಅವಿತು ನಿಂತಿದ್ರು. ಕಮಲಾಕ್ಷಿ ಮೇಡಮ್ಮಿನ ಕೈಲಿ ಕತ್ತರಿ, ಭುಜಂಗರಾಯರ ಕೈಲಿ ಟೇಪು, ಕಂಕುಳಲ್ಲಿ ರಿಜಿಸ್ಟರು. ಸಿಸ್ಟರ್ ಫಿಲೋಮಿನಾನೂ ಬಂದಿದ್ರು, ಕೊನೇ ಮಂಗಳವಾರ ಅಂತ. ನಾನು ಸಾಕಮ್ಮನ್ನ ದಿಂಬಿಗೆ ಒರಗಿಸಿ, ಹಾಲಿನ ಪಾತ್ರೆ ಹಿಡ್ಕೊಂಡು ಹಿತ್ತಲ ಕಡೆಗೆ ಕಾಲು ಊರಿ ನಿಂತೆ.

ಆರಾಯ್ತು. ಜಗ್ಗಿತು. ನಾನು ಕಾಲು ಊರಿದ ಕಡೆಗಲ್ಲ. ಮನೆ ಎಡಕ್ಕೆ ಹೋಗಿ ನನ್ನ ಭುಜ ಒಲೆಗೆ ಹೊಡೀತು, ಹಾಲು ಅಷ್ಟೂ ಗೋಡೆ ಮೇಲೆ. ಸುಧಾರಿಸ್ಕೊಳ್ಳೋ ಅಷ್ಟ್ರಲ್ಲಿ ಅದೇ ಕಡೆಗೆ ಇನ್ನೊಂದು ಸಲ. ಹೊರಗೆ ಬ್ಯಾಂಡು ಒಂದು ಸುತ್ತು ಬಾರಿಸಿ, ಅನುಮಾನ ಬಂದು ನಿಂತೋಯ್ತು.

ಹೊರಗೆ ಬಂದು ನೋಡಿದ್ರೆ, ರಿಬ್ಬನ್ನಿನ ಎದುರಿಗೆ ಗೋಡೆನೇ ಇಲ್ಲ. ಮನೆ ಹುಸೇನ್‌ಬಿ ಮನೆ ಕಡೆಗೆ, ಎಲ್ಲೆಯ ಗುಂಟ, ಸರಿದು ಕೂತಿತ್ತು. ಭುಜಂಗರಾಯರು ಅಳೆದ್ರು. ಕಲ್ಲಿನ ಸಾಲಿಗೂ ಗೋಡೆಗೂ ನಿನ್ನೆ ಒಂದು ಮಾರು, ಇವತ್ತೂ ಒಂದು ಮಾರು. ಎಡಕ್ಕೆ ಎರಡು ಮಾರು.

"ನಿನ್ನೆ ಯಾರಾದ್ರೂ ಬಂದಿದ್ರಾ?" ಅಂದ್ರು.

"ಹುಸೇನ್‌ಬಿ. ಮತ್ತೆ ಮೌಲಾ."

"ಅಂಚಿನ ಮನೆಯೋರು ಅಂಚಿನ ಮನೆಗೆ? ಸುಮ್ನೆ?" ಭುಜಂಗರಾಯರು ಕನ್ನಡಕ ತೆಗೆದು ಒರೆಸಿದ್ರು. "ನನ್ನ ಸರ್ವೀಸಲ್ಲಿ ಇದೇ ಮೊದಲು. ಪುರುಸೊತ್ತು ಎಲ್ಲಿರುತ್ತೆ ನಿಮಗೆ?"

"ಮಾತು ಸಾಕು, ಬರೀರಿ" ಅಂದ್ರು ಮೇಡಮ್ಮು. "ಹೊರಕ್ಕೆ ಒಂದು ಮಾರು ಅಂತ ಬರೀರಿ."

"ಹೊರಕ್ಕೆ ಹೋಗಿಲ್ವಲ್ಲ ಮೇಡಂ."

"ಹಾಗಾದ್ರೆ ಒಳಕ್ಕೆ ಅಂತ ಬರೀರಿ, ಇವರದೊಂದು ಬಿಟ್ಟು ಮಿಕ್ಕ ಹದಿನಾರು ಮನೆ ತೆಗೆಯೋಣ."

"ಒಳಕ್ಕೂ ಬಂದಿಲ್ಲ. ಸುಳ್ಳು ಬರೆದ್ರೆ ನನ್ನ ಪೆನ್ಷನ್ ಹೋಗುತ್ತೆ."

"ಮತ್ತೆ ಎಲ್ಲಿಗೆ ಹೋಗಿದೆ ರೀ?"

"ಪಕ್ಕಕ್ಕೆ."

"ಪಕ್ಕಕ್ಕೆ ಅಂತಾನೇ ಬರೀರಿ!"

ಭುಜಂಗರಾಯರು ರಿಜಿಸ್ಟರ್ ತೆಗೆದು, ಮೇಡಮ್ಮಿನ ಮುಖಕ್ಕೆ ಹಿಡ್ದು ತೋರಿಸಿದ್ರು. ಎರಡೇ ಕಾಲಮ್ಮು. ಒಳಕ್ಕೆ, ಹೊರಕ್ಕೆ. ಮೂರನೇ ಕಾಲಮ್ಮು ಹಾಕ್ಬೇಕಾದ್ರೆ ಪುರಸಭೆ ಪೂರ್ತಿ ಸಭೆ ಸೇರಿ, ಒಪ್ಪಿಗೆ ಆಗಿ, ಹೊಸ ರಿಜಿಸ್ಟರ್ ಅಚ್ಚಾಗಬೇಕು. ಹಳೇದರಲ್ಲಿ ಗೆರೆ ಎಳೆದ್ರೆ ತಿದ್ದುಪಡಿ ಅಪರಾಧ. ಖಾಲಿ ಬಿಟ್ಟು ಮುಂದೆ ಹೋದ್ರೆ ಕರ್ತವ್ಯಲೋಪ. ಹದಿನೇಳು ಮನೆಗೂ ಒಂದೇ ಆರ್ಡರ್ ಮಾಡಿದ್ದು ಮೇಡಮ್ಮೇ. ಒಂದನೇ ಪುಟ ಭರ್ತಿ ಆಗದೆ ಎರಡನೇ ಪುಟ ತಿರುಗಿಸೋ ಹಂಗಿಲ್ಲ.

"ಸಭೆಗೆ ಎಷ್ಟು ದಿನ ಬೇಕು?" ಅಂದ್ರು ಮೇಡಮ್ಮು, ಕತ್ತರಿ ಕೆಳಗಿಳಿಸಿ.

"ಹೋದ ಸಲದ್ದು ಕೋರಂ ಆಗೋಕೆ ಒಂದು ವರ್ಷ ಎರಡು ತಿಂಗಳು ಆಯ್ತು. ಅಲ್ಲೀವರೆಗೆ ಇವರು ಎಲ್ಲಿದ್ರೋ ಅಲ್ಲೇ, ಊರಿನೋರೇ."

ಸಿಸ್ಟರ್ ಫಿಲೋಮಿನಾ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು, ಒಳಗೆ ಮಂಚದ ಹತ್ರ ಹೋದ್ರು. ಮೇಡಮ್ಮು ಕೊನೇ ಸಲ ಅಂತ ಕೇಳಿದ್ರು, "ಅಲ್ಲ ರೀ, ಇವರು ದಿನಾ ಒಬ್ಬರ ಮನೆಗೊಬ್ಬರು ಹೋಗಿ ಕೂತ್ರೆ?"

ಭುಜಂಗರಾಯರು ಪೆನ್ಸಿಲ್ ಕಿವಿಗೆ ಸಿಕ್ಕಿಸಿ, ಟೇಪು ಸುತ್ತುತ್ತಾ ಅಂದ್ರು: "ದಿನಾ ಪಕ್ಕಕ್ಕೇ ಹೋಗ್ತಾರೆ ಮೇಡಂ. ಕಾಲಂ ಇಲ್ಲದ ಕಡೆಗೆ ಹೋದ ಮನೇನ ಊರಿಂದ ತೆಗೆಯೋಕೆ ನಮ್ಮ ಹತ್ರ ಕಾನೂನಿಲ್ಲ."